ದಾರಿ ಗಟ್ಟಿ, ಮಣ್ಣು ಮೆತ್ತಗೆ

(ಮೈಸೂರಿನ ಒಂದು ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯಲ್ಲಿ ಹಿತ್ತಲು ಇರುವ ಮನೆಗಳು ಇನ್ನೂ ಸಾಕಷ್ಟಿವೆ. ಆದರೆ ಆ ಹಿತ್ತಲುಗಳಲ್ಲಿ ಮಣ್ಣು ಉಳಿದಿರುವುದು ಅಪರೂಪ. ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ. ಆಗ ಮೇಸ್ತ್ರಿ, "ಸುತ್ತಲೂ ಕಾಂಕ್ರೀಟ್ ಹಾಕಿಬಿಡೋಣ, ಕಳೆ ಕೀಳುವ ತಾಪತ್ರಯ ತಪ್ಪುತ್ತದೆ" ಎನ್ನುತ್ತಾರೆ. ನಾವು ಹೂಂ ಎನ್ನುತ್ತೇವೆ. ಕೊನೆಗೆ ಉಳಿಯುವುದು ಅಡುಗೆಮನೆಯ ಹಿಂಬಾಗಿಲು, ಅದರ ಕೆಳಗೆ ಮೂರು ಮೆಟ್ಟಿಲು, ಮೆಟ್ಟಿಲಿನಾಚೆ ಬಿಸಿಲಿಗೆ ಕಾದು ಸುಡುವ ಸಿಮೆಂಟು ನೆಲ.

ಈ ಹಿತ್ತಲಿಗೆ ಯಾರು ಬರಬಲ್ಲರು, ಯೋಚಿಸಿ ನೋಡಿ. ಮಂಡಿನೋವಿನ ಅಜ್ಜಿ ಬರಲಾರರು, ಮೆಟ್ಟಿಲಿದೆ. ಗಾಲಿಕುರ್ಚಿಯಲ್ಲಿರುವವರ ಮಾತಂತೂ ದೂರವೇ ಉಳಿಯಿತು. ಪಿಕಳಾರ ಬರುವುದಿಲ್ಲ, ತಿನ್ನಲು ಹುಳುವಿಲ್ಲ, ಕೂರಲು ಕೊಂಬೆಯಿಲ್ಲ. ಮಕ್ಕಳೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅಗೆಯಲು ಮಣ್ಣಿಲ್ಲ. ನೆಲವನ್ನೆಲ್ಲ ಗಟ್ಟಿ ಮಾಡಿದೆವು, ಆದರೆ ಬಾಗಿಲಿನಿಂದ ಆ ನೆಲಕ್ಕೆ ಇಳಿಯುವ ದಾರಿಯನ್ನು ಮಾತ್ರ ಮಾಡಲಿಲ್ಲ. ಇದನ್ನು ತಿರುವುಮುರುವು ಮಾಡಿ ಎಂದು ಕೇಳಿಕೊಳ್ಳಲು ನಾನು ಇಲ್ಲಿಗೆ ಬಂದಿದ್ದೇನೆ. ಗಟ್ಟಿ ಮಾಡುವ ಖರ್ಚು, ಶ್ರಮ, ಅಚ್ಚುಕಟ್ಟು ಎಲ್ಲವೂ ನಾಲ್ಕು ಅಡಿ ಅಗಲದ ಒಂದು ದಾರಿಗೆ ಹೋಗಲಿ. ಆ ದಾರಿಯ ವಿಷಯದಲ್ಲಿ ಒಂದು ಅಂಗುಲಕ್ಕೂ ರಾಜಿ ಬೇಡ. ಉಳಿದದ್ದು ಮಣ್ಣಾಗಿಯೇ ಇರಲಿ, ಅಲ್ಲಿ ಕೊಂಚ ಅಸ್ತವ್ಯಸ್ತವಾದರೂ ಆಗಲಿ.

ಮನೆಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ಆದರೆ ಇವತ್ತು ಹೇಳುವುದಕ್ಕೆ ಆಧಾರ ನಮ್ಮದೇ ಮನೆ. 40/60ರ ನಿವೇಶನ. ಹಿಂದೆ ಉಳಿದದ್ದು 40 ಅಡಿ ಉದ್ದ, 15 ಅಡಿ ಅಗಲದ ಜಾಗ. ನಮ್ಮ ಅತ್ತೆಯವರಿಗೆ ಪಾರ್ಶ್ವವಾಯುವಾಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಮನೆಗೆ ಗಾಲಿಕುರ್ಚಿ ಬಂತು. ಅವರು ಹುಟ್ಟಿ ಬೆಳೆದದ್ದು ನಂಜನಗೂಡಿನ ಕಡೆಯ ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಗಿಡಗಳ ವಿಚಾರ ಬಲ್ಲವರು ಅವರೊಬ್ಬರೇ. ಬಲ್ಲವರು ಬಾಗಿಲಲ್ಲಿ ಕುಳಿತು ಹೇಳುವುದು, ಏನೂ ತಿಳಿಯದವರು ಹಿತ್ತಲಿಗಿಳಿದು ಮಾಡುವುದು ಎಂಬ ಏರ್ಪಾಡು ನಮಗ್ಯಾರಿಗೂ ಸರಿಕಾಣಲಿಲ್ಲ. ಕೆಲಸ ಶುರುವಾದದ್ದು ಅಲ್ಲಿಂದ.

ಬಾಗಿಲಿನಿಂದ ಆರಂಭಿಸಿ

ತೋಟದ ಮಾತೆತ್ತಿದರೆ ಎಲ್ಲರೂ ಗಿಡದಿಂದ ಆರಂಭಿಸುತ್ತಾರೆ. ದಯವಿಟ್ಟು ಬಾಗಿಲಿನಿಂದ ಆರಂಭಿಸಿ. ಸಾಮಾನ್ಯ ಗಾಲಿಕುರ್ಚಿಯ ಅಗಲ 65ರಿಂದ 70 ಸೆಂಟಿಮೀಟರ್. ಚಕ್ರ ತಳ್ಳುವ ಕೈಗಳಿಗೂ ಜಾಗ ಬೇಕು. ಹಾಗಾಗಿ ಬಾಗಿಲು ತೆರೆದಾಗ 90 ಸೆಂಟಿಮೀಟರ್, ಅಂದರೆ ಮೂರು ಅಡಿ, ತೆರವು ಸಿಗಬೇಕು. ನಮ್ಮ ಹಿಂಬಾಗಿಲುಗಳು ಹೆಚ್ಚಾಗಿ ಎರಡೂವರೆ ಅಡಿಯವು. ಹೆಬ್ಬಾಗಿಲಿಗೆ ತೇಗ, ಹಿಂಬಾಗಿಲಿಗೆ ಉಳಿದ ಮರ ಎಂಬ ಲೆಕ್ಕದಲ್ಲಿ ಮಾಡಿಸಿದವು. ಚೌಕಟ್ಟನ್ನೇ ಬದಲಿಸಬೇಕಾಗುತ್ತದೆ. ಒಂದು ವಾರ ಅಡುಗೆಮನೆಯಲ್ಲಿ ಧೂಳು ತಪ್ಪಿದ್ದಲ್ಲ, ಆದರೂ ಮಾಡಿಸಿ.

ಇನ್ನು ಹೊಸ್ತಿಲು. ಅದನ್ನು ತೆಗೆಯುತ್ತೇವೆಂದರೆ ಹಿರಿಯರಿಗೆ ಕಸಿವಿಸಿಯಾಗುವುದು ಸಹಜ, ಅರಿಸಿನ ಕುಂಕುಮ ಹಚ್ಚಿ ನಮಸ್ಕರಿಸುವ ಜಾಗ ಅದು. ಹೆಬ್ಬಾಗಿಲಿನ ಹೊಸ್ತಿಲು ಹಾಗೆಯೇ ಇರಲಿ. ಹಿಂಬಾಗಿಲಿನಲ್ಲಿ ಹೊಸ್ತಿಲ ಕಲ್ಲನ್ನು ನೆಲಕ್ಕೆ ಸಮನಾಗಿ ಹುದುಗಿಸಿದರೆ ಪೂಜೆಗೂ ಕೊರತೆಯಿಲ್ಲ, ಚಕ್ರಕ್ಕೂ ತಡೆಯಿಲ್ಲ. ಒಳಗಿನ ನೆಲಕ್ಕೂ ಹೊರಗಿನ ನೆಲಕ್ಕೂ 12 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮಳೆನೀರು ಒಳಗೆ ನುಗ್ಗುತ್ತದೆಂಬ ಭಯವಿದ್ದರೆ ಮೇಲೊಂದು ಸಜ್ಜಾ ಮಾಡಿಸಿ. ಹೊರಗೆ ಬಾಗಿಲಿನ ಉದ್ದಕ್ಕೂ ಕಿರಿದಾದ ಮೋರಿ ತೆಗೆದು ಜಾಲರಿ ಮುಚ್ಚಿ. ಜಾಲರಿಯ ಸೀಳುಗಳು ಚಕ್ರ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಇಲ್ಲದಿದ್ದರೆ ಮುಂದಿನ ಸಣ್ಣ ಚಕ್ರ ಅದರಲ್ಲಿ ಸಿಕ್ಕಿಕೊಂಡು ಕುರ್ಚಿ ಮುಗ್ಗರಿಸುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟಕುವಂತಿರಬೇಕು ಎನ್ನುತ್ತದೆ. ಅಡುಗೆಮನೆಯ ಹಿಂಬಾಗಿಲಿನ ಬಗ್ಗೆ ಕೇಳಲು ಯಾವ ಅಧಿಕಾರಿಯೂ ಬರುವುದಿಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ಇಳಿಜಾರೇ ತೋಟದ ದಾರಿ

ಇಳಿಜಾರಿನ ಲೆಕ್ಕ ಸರಳ. ಒಂದು ಅಡಿ ಎತ್ತರ ಇಳಿಯಲು ಕನಿಷ್ಠ 12 ಅಡಿ ಉದ್ದ ಬೇಕು. ಮನೆಯ ನೆಲ ಹಿತ್ತಲಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರವಿದ್ದರೆ 18 ಅಡಿ. ಮೆಟ್ಟಿಲಿನ ಮೇಲೆ ಹಲಗೆ ಇಟ್ಟು ಕುರ್ಚಿ ಇಳಿಸುವುದನ್ನು ಅನೇಕ ಕಡೆ ನೋಡಿದ್ದೇನೆ. ಕುಳಿತವರ ಮುಖದಲ್ಲಿನ ಭಯವನ್ನೂ ನೋಡಿದ್ದೇನೆ. ಅದನ್ನು ಮಾಡಲೇಬೇಡಿ.

12ಕ್ಕೆ ಒಂದು ಎಂಬುದು ಮಿತಿ, ಆದರ್ಶವಲ್ಲ. ಹಿಂದಿನಿಂದ ಯಾರಾದರೂ ತಳ್ಳುವುದಾದರೆ ಅದು ಸಾಕು. ಒಂದೇ ಕೈ, ಒಂದೇ ಕಾಲಿನ ಬಲದಲ್ಲಿ ಕುರ್ಚಿ ನಡೆಸುವವರಿಗೆ ಅದು ಬೆಟ್ಟ. ಅವರಿಗೆ 20ಕ್ಕೆ ಒಂದರಂತೆ ಮಾಡಿದರೆ ಹಿತ. ಹಾಗೆ ಮಾಡಿದರೆ ಒಂದೂವರೆ ಅಡಿಗೆ 30 ಅಡಿ ಉದ್ದ ಬೇಕಾಗುತ್ತದೆ. ಕೇಳಿದರೆ ಗಾಬರಿಯಾಗುತ್ತದೆ, ನಿಜ. ಆದರೆ ಇಳಿಜಾರನ್ನು ಬೇರೆಯೇ ಕಟ್ಟಡವೆಂದು ನೋಡದೆ ತೋಟದ ದಾರಿಯೆಂದೇ ನೋಡಿ. ನಮ್ಮ ಮನೆಯ ಹಿಂಗೋಡೆಯ ಉದ್ದಕ್ಕೂ 40 ಅಡಿ ಜಾಗವಿದೆ, ಹಿಂಬಾಗಿಲು ಒಂದು ತುದಿಯಲ್ಲಿದೆ. ಬಾಗಿಲಿನ ಹೊರಗೆ ಐದು ಅಡಿ ಸಮತಟ್ಟು, ಆಮೇಲೆ 30 ಅಡಿ ನಿಧಾನ ಇಳಿಜಾರು, ಕೊನೆಗೆ ಮತ್ತೆ ಐದು ಅಡಿ ಸಮತಟ್ಟು. ಆ ಐದು ಅಡಿ ಬೇಕೇ ಬೇಕು, ಗಾಲಿಕುರ್ಚಿ ಪೂರ್ತಿ ತಿರುಗಲು 150 ಸೆಂಟಿಮೀಟರ್ ಅಡ್ಡಗಲದ ವೃತ್ತದಷ್ಟು ಜಾಗ ಬೇಕಾಗುತ್ತದೆ. ಒಡೆದು ತೆಗೆದ ಹಳೆಯ ಕಾಂಕ್ರೀಟಿನ ತುಂಡುಗಳೆಲ್ಲ ಆ ದಾರಿಯ ಹೊಟ್ಟೆಗೇ ಹೋದವು, ಹೊರಗೆ ಸಾಗಿಸಿ ಯಾವುದೋ ಕೆರೆಯಂಚಿಗೆ ಸುರಿಸುವ ಪಾಪ ತಪ್ಪಿತು.

ದಾರಿಯ ಹೊರಬದಿಗೆ, ಉದ್ದಕ್ಕೂ, ಕಲ್ಲುಚಪ್ಪಡಿಯಿಂದ ಒಂದು ಎತ್ತರದ ಪಾತಿ ಕಟ್ಟಿಸಿದೆವು. ಒಳಗಿನ ಅಗಲ ಎರಡೇ ಅಡಿ. ಒಂದೇ ಕಡೆಯಿಂದ ಕುಳಿತು ಕೈಚಾಚುವವರಿಗೆ ಅದಕ್ಕಿಂತ ದೂರ ಎಟಕುವುದಿಲ್ಲ. ಎರಡೂ ಕಡೆಯಿಂದ ಎಟಕುವಂತಿದ್ದರೆ ನಾಲ್ಕು ಅಡಿ ಇಡಬಹುದು. ಪಾತಿಯ ಮೇಲಂಚು ಮಾತ್ರ ಕೊನೆಯವರೆಗೂ ಒಂದೇ ಮಟ್ಟ, ಹಿತ್ತಲ ನೆಲದಿಂದ ಎರಡೂವರೆ ಅಡಿ. ದಾರಿ ಇಳಿಯುತ್ತ ಹೋಗುತ್ತದೆ, ಪಾತಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಬಾಗಿಲ ಬಳಿ ಪಾತಿ ದಾರಿಗಿಂತ ಒಂದೇ ಅಡಿ ಎತ್ತರ, ಅಲ್ಲಿ ಪುಟ್ಟ ಮಕ್ಕಳು ಕೈಯಾಡಿಸುತ್ತಾರೆ. ಕೆಳತುದಿಗೆ ಬರುವಾಗ ಅದು ಎರಡೂವರೆ ಅಡಿ, ಗಾಲಿಕುರ್ಚಿಯ ತೋಳಿಗೆ ಸರಿಯಾದ ಎತ್ತರ. ನಡುವೆ ಎಲ್ಲೋ ಒಂದು ಕಡೆ ಬೆನ್ನುನೋವಿನ ನಮ್ಮಂಥವರು ಅಂಚಿನ ಮೇಲೆ ಕುಳಿತು ಕಳೆ ಕೀಳಲು ಹದವಾದ ಎತ್ತರ ಸಿಗುತ್ತದೆ. ಒಂದೇ ಗೋಡೆ, ಮನೆಯ ಎಲ್ಲ ವಯಸ್ಸಿನವರಿಗೂ ಆಯಿತು.

ಜಾಗ ಸಾಲದೆ 12ಕ್ಕೆ ಒಂದರ ಇಳಿಜಾರು ಮಾಡುವವರು ಎರಡೂ ಬದಿಗೆ ಕೈಹಿಡಿಯ ಕಂಬಿ ಹಾಕಿಸಿ, 75ರಿಂದ 90 ಸೆಂಟಿಮೀಟರ್ ಎತ್ತರದಲ್ಲಿ. ಒಂದು ಬದಿಗೆ ಸಾಕಲ್ಲವೇ ಎಂದು ಕೇಳುತ್ತಾರೆ. ಒಂದೇ ಕೈ ಸ್ವಾಧೀನದಲ್ಲಿರುವವರಿಗೆ ಇಳಿಯುವಾಗ ಒಂದು ಬದಿಯ ಕಂಬಿ ಬೇಕು, ಹತ್ತುವಾಗ ಇನ್ನೊಂದು ಬದಿಯದು ಬೇಕು.

ಮೇಲ್ಮೈಯ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಕಡಪ ಕಲ್ಲು, ಮೆರುಗು ಕೊಟ್ಟ ಗ್ರಾನೈಟ್, ನುಣುಪು ಟೈಲ್ಸ್ ಯಾವುದೂ ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತವೆ. ಸಡಿಲವಾಗಿ ಜಲ್ಲಿ ಚೆಲ್ಲಿದ ದಾರಿ ಫೋಟೋದಲ್ಲಿ ಚೆಂದ, ಆದರೆ ಗಾಲಿ ಅದರಲ್ಲಿ ಹೂತುಕೊಳ್ಳುತ್ತದೆ. ಹುಲ್ಲಿನ ನಡುವೆ ಅಂತರ ಬಿಟ್ಟು ಇಟ್ಟ ಕಲ್ಲುಗಳು ಊರುಗೋಲು ಹಿಡಿದವರನ್ನು ಬೀಳಿಸುತ್ತವೆ. ಚಾಣ ಹೊಡೆದ ಒರಟು ಸಾದಹಳ್ಳಿ ಕಲ್ಲು ಒಳ್ಳೆಯದು. ಸಂದುಗಳು ಕಿರಿದಾಗಿರಲಿ, ಗಾರೆಯಿಂದ ಸಮ ಮಾಡಿಸಿ. ಅಡ್ಡಕ್ಕೆ 50ಕ್ಕೆ ಒಂದರಷ್ಟು ವಾಟ ಕೊಡಿ. ನಾಲ್ಕಡಿ ಅಗಲದಲ್ಲಿ ಅದು ಸುಮಾರು ಒಂದು ಅಂಗುಲ. ವಾಟ ಮನೆಯ ಗೋಡೆಯಿಂದ ಪಾತಿಯ ಕಡೆಗಿದ್ದು, ಪಾತಿಯ ಗೋಡೆಯ ಬುಡದಲ್ಲಿ ಕಂಡಿಗಳಿದ್ದರೆ ನೀರು ನಿಲ್ಲುವುದಿಲ್ಲ, ಗೋಡೆಗೆ ತೇವವೂ ಏರುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮ ಹಿತ್ತಲು 600 ಚದರ ಅಡಿ. ಈ ದಾರಿ ಮತ್ತು ಅದರ ತಿರುವುಗಳು ಸೇರಿ 200 ಚದರ ಅಡಿಯೂ ಇಲ್ಲ. ಉಳಿದ 400 ಚದರ ಅಡಿಗೆ ಸುರಿಯಬೇಕಿದ್ದ ಸಿಮೆಂಟಿನ ದುಡ್ಡು ಒಳ್ಳೆಯ ಕಲ್ಲಿಗೂ ಅಗಲದ ಬಾಗಿಲಿಗೂ ಒದಗುತ್ತದೆ.

ಒಂದೇ ಎತ್ತರದ ಕಣ್ಣುಗಳು

ಗಾಲಿಕುರ್ಚಿಯಲ್ಲಿ ಕುಳಿತ ದೊಡ್ಡವರ ಕಣ್ಣಿನ ಮಟ್ಟ ನೆಲದಿಂದ ಹೆಚ್ಚುಕಡಿಮೆ 110ರಿಂದ 120 ಸೆಂಟಿಮೀಟರ್. ಒಂದನೆಯ, ಎರಡನೆಯ ತರಗತಿಯ ಮಗು ನಿಂತರೆ ಅದರ ಕಣ್ಣೂ ಅಲ್ಲಿಗೇ ಬರುತ್ತದೆ. ಅಜ್ಜಿ ಮೊಮ್ಮಗಳಿಗೆ ಒಂದೇ ದೃಷ್ಟಿ. ನಿಂತುಕೊಂಡ ನಾವು ನೋಡುವುದು ಗಿಡದ ನೆತ್ತಿಯನ್ನು. ಅವರಿಬ್ಬರು ನೋಡುವುದು ಎಲೆಯ ಅಡಿಭಾಗವನ್ನು. ಜೀವ ಇರುವುದೇ ಅಲ್ಲಿ.

ಪಾತಿಯ ಕೆಳತುದಿಯಲ್ಲಿ ಒಂದು ಕರಿಬೇವಿನ ಗಿಡ ಇಟ್ಟಿದ್ದೇವೆ, ಕತ್ತರಿಸುತ್ತ ಪೊದೆಯಾಗಿಯೇ ಉಳಿಸಿಕೊಂಡಿದ್ದೇವೆ. ನಿಂಬೆ ಚಿಟ್ಟೆ ಬಂದು ಎಳೆಯ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ, ಸಾಸಿವೆಗಿಂತ ಸಣ್ಣದು, ತಿಳಿಹಳದಿ. ಅದರಿಂದ ಬರುವ ಮರಿಹುಳು ಮೊದಮೊದಲು ಕಪ್ಪು ಕಂದು, ಮೈಮೇಲೆ ಬಿಳಿಯ ಮಚ್ಚೆ. ಹಕ್ಕಿ ಹಿಕ್ಕೆ ಎಂದುಕೊಂಡು ನಾವೂ ಬಿಟ್ಟುಬಿಡುತ್ತೇವೆ, ಹಕ್ಕಿಯೂ ಬಿಟ್ಟುಬಿಡುತ್ತದೆ. ಪೊರೆ ಕಳಚುತ್ತ ಕಳಚುತ್ತ ಕೊನೆಗೊಂದು ದಿನ ಕರಿಬೇವಿನೆಲೆಯದೇ ಹಸಿರಿಗೆ ತಿರುಗುತ್ತದೆ. ಆಗ ಮೊಮ್ಮಗಳು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಳು. ತಲೆಯ ಹಿಂದಿನಿಂದ ಕೆಂಪನೆಯ ಕವಲೊಡೆದ ಕೊಂಬೊಂದು ಥಟ್ಟನೆ ಹೊರಬಂತು, ಜೊತೆಗೆ ಒಂದು ಕಟುವಾಸನೆ. ಹುಡುಗಿ ಹಿಂದಕ್ಕೆ ಹಾರಿದಳು. ಅತ್ತೆಯವರು, "ಅದು ನಿನ್ನನ್ನು ಗದರಿಸುತ್ತಿದೆ ಕಂದ, ಊಟಕ್ಕೆ ಕುಳಿತವರನ್ನು ಎಬ್ಬಿಸಬಾರದು" ಎಂದರು. ಆಮೇಲೆ ಅವರಿಬ್ಬರೂ ಸೇರಿ ಒಂದು ನಿಯಮ ಮಾಡಿದರು. ಒಗ್ಗರಣೆಗೆ ಕರಿಬೇವು ಕೀಳುವುದು ಬಲಗಡೆಯ ಕೊಂಬೆಗಳಿಂದ ಮಾತ್ರ, ಎಡಗಡೆಯವು ಹುಳುಗಳಿಗೆ. ಮೊಟ್ಟೆಯಿಂದ ಚಿಟ್ಟೆಯಾಗಿ ಹಾರುವವರೆಗೆ ಸುಮಾರು ಒಂದು ತಿಂಗಳು. ಎಲೆ ಮತ್ತೆ ಚಿಗುರುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಚಿಟ್ಟೆ ಬರಲೆಂದು ನಾವು ಹೂಗಿಡ ನೆಡುತ್ತೇವೆ. ಹೂವು ಚಿಟ್ಟೆಗೆ ಹೋಟೆಲಿನ ಕಾಫಿ ಇದ್ದಂತೆ, ಕುಡಿದು ಹೊರಟುಬಿಡುತ್ತದೆ. ಸಂಸಾರ ಹೂಡಬೇಕಾದರೆ ಮರಿಹುಳು ತಿನ್ನುವ ಎಲೆ ಬೇಕು, ಮತ್ತು ಪ್ರತಿ ಜಾತಿಗೂ ಅದರದೇ ಗಿಡ. ನಿಂಬೆ ಚಿಟ್ಟೆಗೆ ಕರಿಬೇವು, ನಿಂಬೆ. ಸೀತಾಫಲದ ಎಲೆಗೆ ಬೇರೆಯ ಚಿಟ್ಟೆಗಳು. ಕಕ್ಕೆಯ ಎಲೆಗೆ ತಿಳಿಹಳದಿ ರೆಕ್ಕೆಯವು. ಎಕ್ಕದ ಗಿಡಕ್ಕೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ಈಶ್ವರಿ ಬಳ್ಳಿ ಸಿಕ್ಕಿದರೆ ಕಾಂಪೌಂಡಿಗೆ ಹಬ್ಬಿಸಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಗಳು ತಿಂದು ಬೆಳೆಯುವುದು ಆ ಬಳ್ಳಿಯ ಕುಟುಂಬದ ಎಲೆಗಳನ್ನೇ. ಮನೆಮದ್ದೆಂದು ಮಾತ್ರ ಅದನ್ನು ಬಳಸಬೇಡಿ, ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ.

ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಯುವ ಅಭ್ಯಾಸವನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗಳಿಗೆ ಕೊಡುವುದು ಹುಳುವನ್ನೇ, ಎಳೆಯ ಮರಿಗೆ ಕಾಳು ಅರಗುವುದಿಲ್ಲ. ಗುಬ್ಬಿಗೆ ಗೂಡಿನ ಪೆಟ್ಟಿಗೆ ತೂಗುಹಾಕಿ, ಅದೇ ಕೈಯಲ್ಲಿ ಕೀಟನಾಶಕ ಸಿಂಪಡಿಸಿದರೆ ಆ ಪೆಟ್ಟಿಗೆಯಲ್ಲಿ ಮರಿಗಳು ಬದುಕುವುದು ಹೇಗೆ?

ಬರಿಯ ಮಣ್ಣಿಗೂ ಗಿರಾಕಿಗಳಿದ್ದಾರೆ

ದಾರಿ, ಪಾತಿ ಹೋಗಿ ಕಾಂಪೌಂಡಿನವರೆಗೆ ಉಳಿದ ಎಂಟೊಂಬತ್ತು ಅಡಿ ಅಗಲದ ಪಟ್ಟಿಯನ್ನು ಆದಷ್ಟು ಅದರ ಪಾಡಿಗೆ ಬಿಟ್ಟಿದ್ದೇವೆ. ಗೋಡೆಯಂಚಿಗೆ ದಾಸವಾಳ, ಕೇಪಳ, ಪಾರಿಜಾತ, ಸೀಬೆ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು. ನಡುವೆ ತಾನಾಗಿ ಹುಟ್ಟಿದ ತುಂಬೆ. ಈ ತುಂಬೆಯನ್ನು ಕಳೆಯೆಂದು ಕಿತ್ತೆಸೆಯುವವರಿದ್ದಾರೆ. ಅದರ ಬಿಳಿಯ ಹೂವಿಗೆ ಬೆಳಗಿನ ಬಿಸಿಲಲ್ಲಿ ಎಷ್ಟು ಬಗೆಯ ಜೇನು, ದುಂಬಿ, ಪುಟ್ಟ ಚಿಟ್ಟೆಗಳು ಮುತ್ತುತ್ತವೆ ಎಂದು ಒಂದು ಸಲ ಕುಳಿತು ನೋಡಿದವರು ಮತ್ತೆ ಕೀಳುವುದಿಲ್ಲ.

ಒಂದು ಮೂಲೆಯಲ್ಲಿ ನಾಲ್ಕಡಿ ಜಾಗವನ್ನು ಏನೂ ನೆಡದೆ, ಏನೂ ಮುಚ್ಚದೆ ಬರಿಯ ಮಣ್ಣಾಗಿ ಬಿಟ್ಟಿದ್ದೇವೆ. ಜೇನೆಂದರೆ ನಮಗೆ ಹೆಜ್ಜೇನು, ತುಡುವೆ, ಕೋಲುಜೇನು ಎಂದಷ್ಟೇ ಗೊತ್ತು. ಪ್ರಪಂಚದಲ್ಲಿ ಸುಮಾರು 20,000 ಜಾತಿಯ ಜೇನುಗಳಿವೆ. ಅವುಗಳಲ್ಲಿ ಬಹುಪಾಲು ಹುಟ್ಟು ಕಟ್ಟುವುದಿಲ್ಲ, ಒಂಟಿಯಾಗಿ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತವೆ. ನೀಲಿ ಪಟ್ಟೆಯ ಜೇನು ಅಂಥದ್ದು. ಬದನೆ, ಟೊಮೇಟೊ ಹೂವಿನಲ್ಲಿ ಪರಾಗ ಸಣ್ಣ ರಂಧ್ರದ ಕೊಳವೆಯೊಳಗೆ ಅಡಗಿರುತ್ತದೆ. ಈ ಜೇನು ಹೂವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂ ಎಂದು ನಡುಗಿಸಿ ಅದನ್ನು ಉದುರಿಸುತ್ತದೆ. ತುಡುವೆಗೆ ಈ ವಿದ್ಯೆ ಬಾರದು. ಅಂದರೆ ಅಂಗಳಕ್ಕೆಲ್ಲ ಸಿಮೆಂಟು ಬಳಿದು, ತಾರಸಿಯ ಕುಂಡದ ಬದನೆಗಿಡ ಕಾಯಿ ಬಿಡುವುದಿಲ್ಲವೆಂದು ಕೊರಗಿದರೆ ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ಜೀವಿಯ ಮನೆಯನ್ನು ಮುಚ್ಚಿದವರು ನಾವೇ. ಮಕ್ಕಳ ಮಣ್ಣಾಟಕ್ಕೆ ಬೇರೆ ಜಾಗ ಕೊಡಿ, ಆ ಮೂಲೆ ಅಗೆಯಬಾರದೆಂದು ಹೇಳಿ. ಕಾರಣ ಹೇಳಿದರೆ ಅವರು ನಮಗಿಂತ ನಿಷ್ಠೆಯಿಂದ ಕಾಯುತ್ತಾರೆ.

ಒಣಗಿದ ಎಲೆ ಸುಡಬೇಡಿ, ಗಿಡದ ಬುಡಕ್ಕೆ ಹರಡಿ. ಮಡಿವಾಳ ಹಕ್ಕಿ, ಕೆಂಬೂತ ಆ ತರಗೆಲೆ ಕೆದಕಿ ಹುಳು ಹೆಕ್ಕುತ್ತವೆ. ಕೆಂಬೂತ ಬಸವನಹುಳುಗಳನ್ನೂ ತಿನ್ನುತ್ತದೆ. ಜೇಡರ ಬಲೆ ಕಂಡಲ್ಲೆಲ್ಲ ಗುಡಿಸಬೇಡಿ. ಸೂರಕ್ಕಿ ಗೂಡು ತೂಗುಹಾಕುವುದು, ಸಿಂಪಿಗ ಎಲೆ ಹೊಲಿಯುವುದು ಆ ಎಳೆಯನ್ನು ಬಳಸಿಯೇ.

ಲಂಟಾನದ ಬಗ್ಗೆ ಒಂದು ಮಾತು. ನರ್ಸರಿಯವರು ಚಿಟ್ಟೆಗೆ ಒಳ್ಳೆಯದೆಂದು ಬಣ್ಣಬಣ್ಣದ ಲಂಟಾನ ಕೊಡುತ್ತಾರೆ, ಚಿಟ್ಟೆ ಬರುವುದೂ ನಿಜ. ಆದರೆ ಅಲಂಕಾರಕ್ಕೆಂದು ಹೊರದೇಶದಿಂದ ಬಂದ ಆ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಹುಲ್ಲನ್ನೇ ನುಂಗಿಬಿಟ್ಟಿದೆ. ಬೀಜ ಒಯ್ಯುವುದು ಹಕ್ಕಿಗಳು, ಅವಕ್ಕೆ ನಗರ ಕಾಡು ಎಂಬ ಗಡಿಯಿಲ್ಲ. ಅಲ್ಲಿನ ಸೋಲಿಗರು ಅದರ ಕಡ್ಡಿ ಕಡಿದು, ಬೇಯಿಸಿ, ಕುರ್ಚಿ ಮೇಜು ಮಾಡುತ್ತಾರೆ. ಹಿತ್ತಲಿಗೆ ಲಂಟಾನ ಬರುವುದಾದರೆ ಆ ಕುರ್ಚಿಯ ರೂಪದಲ್ಲಿ ಬರಲಿ.

ದಾರಿಯ ಪಕ್ಕಕ್ಕೆ ಏನು ಬೇಡ ಎಂಬುದೂ ಮುಖ್ಯ. ನಿಂಬೆ, ಗುಲಾಬಿಯ ಮುಳ್ಳು ನಿಂತವರ ಸೊಂಟಕ್ಕೆ ತಾಗಿದರೆ, ಕುಳಿತವರ ಮುಖಕ್ಕೆ ತಾಗುತ್ತದೆ. ಅವನ್ನು ಹಿಂದಕ್ಕೆ ನೆಡಿ. ಹಣ್ಣುದುರುವ ಮರದ ನೆರಳು ದಾರಿಯ ಮೇಲೆ ಬೀಳದಿರಲಿ, ನೇರಳೆ ಹಣ್ಣು ಬಿದ್ದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ. ನುಗ್ಗೆಯ ಕೊಂಬೆ ಲಟಕ್ಕನೆ ಮುರಿಯುತ್ತದೆ, ಕಾಂಡದ ಮೇಲೆ ಕಂಬಳಿಹುಳುಗಳು ಗುಂಪುಗಟ್ಟುತ್ತವೆ, ಅದೂ ದೂರವಿರಲಿ. ಕಣಗಿಲೆ ಪೂಜೆಗೂ ಬೇಕು, ಒಂದು ಜಾತಿಯ ಚಿಟ್ಟೆಗೂ ಬೇಕು, ಆದರೆ ಅದರ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಅದು ಬೇಡವೇ ಬೇಡ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಅಪಾಯ, ಅದು ಕಾಂಪೌಂಡಿನ ಆಚೆ ಬದಿಗೆ ಇರಲಿ.

ಕಣ್ಣು ಮಂಜಾದವರಿಗೆ ತೋಟ ಮೂಗಿನಿಂದ, ಬೆರಳಿನಿಂದ ಒದಗುತ್ತದೆ. ಬಾಗಿಲ ಬಳಿ ಮೈಸೂರು ಮಲ್ಲಿಗೆ, ತಿರುವಿನಲ್ಲಿ ಮರುಗ, ಕೊನೆಯಲ್ಲಿ ಕಾಮಕಸ್ತೂರಿ ಹೀಗೆ ಇಟ್ಟರೆ ತಾವು ಎಲ್ಲಿದ್ದೇವೆಂದು ವಾಸನೆಯೇ ಹೇಳುತ್ತದೆ. ಗೊತ್ತಾದ ಮೇಲೆ ಜಾಗ ಬದಲಿಸಬೇಡಿ. ನಲ್ಲಿಗೆ ತಿರುಗಿಸುವ ಹಿಡಿಯ ಬದಲು ಒತ್ತಿ ಎತ್ತುವ ಉದ್ದ ಹಿಡಿ ಹಾಕಿಸಿ, ಸಂಧಿವಾತದ ಬೆರಳುಗಳಿಗೆ ಸುಲಭ. ಬಟ್ಟೆ ಹರವುವ ತಂತಿಯನ್ನೂ ಕುಳಿತವರಿಗೆ ಎಟಕುವಂತೆ ಒಂದು ಸಾಲು ಕೆಳಗೆ ಕಟ್ಟಿ. ತೋಟಕ್ಕೂ ತಂತಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಮನೆಗಳಲ್ಲಿ ಹೆಂಗಸರು ಹಿತ್ತಲಿಗೆ ಹೋಗುತ್ತಿದ್ದದ್ದೇ ಬಟ್ಟೆ ಹರವಲು, ಸಂಡಿಗೆ ಒಣಗಿಸಲು. ಆ ಕೆಲಸವೆಲ್ಲ ತಾರಸಿಗೆ ಹತ್ತಿದ ದಿನವೇ ವಯಸ್ಸಾದವರಿಗೆ ಬಿಸಿಲು ಗಾಳಿ ತಪ್ಪಿತು.

ಸಭಿಕರ ಪ್ರಶ್ನೆಗಳು

ಹಾವು ಬರುವುದಿಲ್ಲವೇ ಎಂದು ಮೊದಲ ಸಾಲಿನಲ್ಲಿದ್ದ ಹಿರಿಯರು ಕೇಳಿದರು. ಬರಬಹುದು. ಹಾವು ಬರುವುದು ಇಲಿಗಾಗಿ. ಇಲಿ ಬರುವುದು ಪಾರಿವಾಳಕ್ಕೆಂದು ಚೆಲ್ಲಿದ ಕಾಳಿಗೆ, ತೆರೆದಿಟ್ಟ ಮುಸುರೆಗೆ. ಅವೆರಡನ್ನು ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು. ಗೊಬ್ಬರದ ತೊಟ್ಟಿಗೆ ಬಿಗಿ ಮುಚ್ಚಳವಿರಲಿ, ಪಾತಿಯ ಗೋಡೆಯ ಕಂಡಿಗಳಿಗೆ ಬಲೆ ಬಿಗಿಯಿರಿ, ಕಲ್ಲು ಸೌದೆಯ ರಾಶಿ ದಾರಿಯಿಂದ ದೂರವಿರಲಿ. ಅಗಲವಾದ, ತಿಳಿಬಣ್ಣದ ಗಟ್ಟಿ ದಾರಿಯ ಇನ್ನೊಂದು ಲಾಭ ಇದೇ, ಅದರ ಮೇಲೆ ಏನಿದ್ದರೂ ಕಾಣುತ್ತದೆ. ಕತ್ತಲಾದ ಮೇಲೆ ಹೋಗುವವರು ದೀಪ ಹಾಕಿಕೊಂಡೇ ಹೋಗಿ, ಕೆಲಸ ಮುಗಿದ ಕೂಡಲೇ ಆರಿಸಿ. ರಾತ್ರಿಯಿಡೀ ಉರಿಯುವ ದೀಪ ಪತಂಗಗಳನ್ನು ದಾರಿ ತಪ್ಪಿಸುತ್ತದೆ. ಕೇರೆಹಾವು ವಿಷದ್ದಲ್ಲ, ಅದನ್ನು ಹೊಡೆದು ಇಲಿ ಸಾಕಬೇಡಿ. ಯಾವ ಹಾವೆಂದು ತಿಳಿಯದಿದ್ದರೆ ದೂರ ನಿಂತು, ಹಾವು ಹಿಡಿಯಲು ಕಲಿತವರನ್ನು ಕರೆಯಿರಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ, ನೇರ ಆಸ್ಪತ್ರೆಗೆ.

ಡೆಂಗಿ ಸೊಳ್ಳೆಯ ಬಗ್ಗೆ ಒಬ್ಬ ತಾಯಿ ಕೇಳಿದರು. ಆ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ಹಕ್ಕಿಗೆ ನೀರಿಡುವ ಅಗಲದ ಮಣ್ಣಿನ ತಟ್ಟೆ ಎರಡು ಅಂಗುಲಕ್ಕಿಂತ ಆಳವಿರಬಾರದು. ದಿನ ಬಿಟ್ಟು ದಿನ ನೀರು ಚೆಲ್ಲಿ, ನಾರಿನಿಂದ ಉಜ್ಜಿ ತುಂಬಿಸಿದರೆ ಸೊಳ್ಳೆಗೆ ಅವಕಾಶವೇ ಇಲ್ಲ. ಈ ಕೆಲಸವನ್ನು ನಮ್ಮ ಮನೆಯಲ್ಲಿ ಅತ್ತೆಯವರು ವಹಿಸಿಕೊಂಡಿದ್ದಾರೆ. ಅಪಾಯ ಇರುವುದು ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ, ಕುಂಡದ ಅಡಿಯ ತಟ್ಟೆಯಲ್ಲಿ, ಎಸೆದ ಎಳನೀರು ಬುರುಡೆಯಲ್ಲಿ. ಕೊಳ ಮಾಡಬಹುದೇ ಎಂದೂ ಅವರು ಕೇಳಿದರು. ಪುಟ್ಟ ಮಕ್ಕಳಿರುವವರೆಗೆ ಬೇಡ, ಅರ್ಧ ಅಡಿ ನೀರೂ ಮಗುವಿಗೆ ಆಪತ್ತು.

30/40ರ ನಿವೇಶನದಲ್ಲಿ ಹಿಂದೆ ನಾಲ್ಕೇ ಅಡಿ ಇದೆ, ನಾವೇನು ಮಾಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಬಾಗಿಲು, ಹೊಸ್ತಿಲು ಸರಿಮಾಡಿಸಿ. ನಾಲ್ಕು ಅಡಿ ದಾರಿಗೇ ಹೋಗುತ್ತದೆ, ಹೋಗಲಿ. ಅದರ ತುದಿಯಲ್ಲಿ ಎರಡಡಿ ಚೌಕದ ಒಂದು ದೊಡ್ಡ ಸಿಮೆಂಟು ತೊಟ್ಟಿಯಲ್ಲಿ ಕರಿಬೇವು, ಕಾಂಪೌಂಡಿನ ಮೇಲೆ ಹಬ್ಬಿದ ಒಂದು ಬಳ್ಳಿ, ಒಂದು ನೀರಿನ ತಟ್ಟೆ ಇದ್ದರೂ ಹಕ್ಕಿ ಬರುತ್ತದೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳಿವೆ. ಪ್ಲೇಗಿನ ಕಾಲದ ನಂತರ ಗಾಳಿ ಬೆಳಕಿಗೆಂದು ಬಿಟ್ಟ ಇಂಥ ಜಾಗಗಳು ಇಂದು ಬಹುತೇಕ ಕಸದ ತಿಪ್ಪೆ. ಅಕ್ಕಪಕ್ಕದ ನಾಲ್ಕು ಮನೆಯವರು ಪಾಲಿಕೆಯನ್ನು ಕೇಳಿ, ನಡುವೆ ದಾರಿ ಬಿಟ್ಟು ಅಂಚಿಗೆ ಗಿಡ ಹಾಕಿದರೆ ಎಲ್ಲರಿಗೂ ಸೇರಿದ ಹಿತ್ತಲಾಗುತ್ತದೆ.

ನೀರಿನ ಖರ್ಚು ಹೆಚ್ಚಲ್ಲವೇ ಎಂದವರಿಗೆ: 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಅದನ್ನು ರಸ್ತೆಯ ಮೋರಿಗೆ ಬಿಡುವ ಪೈಪನ್ನು ಹಿತ್ತಲ ಕಡೆಗೆ ತಿರುಗಿಸಿ. ತೆರೆದ ಮಣ್ಣು ಅದನ್ನು ಕುಡಿಯುತ್ತದೆ.

ಕೊನೆಯದಾಗಿ, ಯಾವಾಗ ಶುರು ಮಾಡಬೇಕು ಎಂದು ಕೇಳಿದರು. ಸಂಕ್ರಾಂತಿ ಮುಗಿದ ಮೇಲೆ ಕಾಂಕ್ರೀಟ್ ಒಡೆಸಿ. ಯುಗಾದಿಯ ಹೊತ್ತಿಗೆ ಬಾಗಿಲು, ದಾರಿ, ಪಾತಿಯ ಗೋಡೆ ಮುಗಿದಿರಲಿ. ಪಾತಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ, ಮೇ ತಿಂಗಳ ಮಳೆಗೆ ಕುಸಿಯಲು ಬಿಡಿ. ತುಂಬಿದ ಮಣ್ಣು ತಗ್ಗಿಯೇ ತಗ್ಗುತ್ತದೆ, ಮೇಲೆ ಮತ್ತೊಂದಿಷ್ಟು ಹಾಕಬೇಕಾಗುತ್ತದೆ. ಜೂನ್‌ನಲ್ಲಿ ನೆಡಿ. ಸಸಿಗಳಿಗೆ ತೋಟಗಾರಿಕೆ ಇಲಾಖೆಯ, ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ವಿಚಾರಿಸಿ. ಕರಿಬೇವನ್ನು ಮಾತ್ರ ಕೊಳ್ಳಬೇಡಿ. ಪಿಕಳಾರಗಳು ಹಣ್ಣು ತಿಂದು ಉದುರಿಸಿದ ಬೀಜಗಳಿಂದ ನಮ್ಮ ಸೀಬೆಮರದ ಕೆಳಗೆ ಸಸಿಗಳು ಒತ್ತೊತ್ತಾಗಿ ಎದ್ದಿವೆ. ಬೇಕಾದವರು ಒಂದು ಹಳೆಯ ಹಾಲಿನ ಪ್ಯಾಕೆಟ್ಟೋ ತೆಂಗಿನ ಚಿಪ್ಪೋ ಹಿಡಿದು ಬನ್ನಿ, ಅತ್ತೆಯವರು ಬೇರಿಗೆ ನೋವಾಗದಂತೆ ಎತ್ತಿಕೊಡುತ್ತಾರೆ.